ಮೇಸ್ತ್ರಿ ಹತ್ತಿ ನೋಡಿದ ಏಣಿ

ಹೊಸ ಏಣಿಯೊಂದು ಸಿದ್ಧವಾಯಿತೆಂದು ಆ ಬೀದಿಯಲ್ಲಿ ಯಾರೂ ಯಾರಿಗೂ ಹೇಳಬೇಕಾಗಿರಲಿಲ್ಲ. ಧಡ್, ಧಡ್ ಎಂಬ ಸದ್ದು ಬೀದಿಯ ಆ ತುದಿಯವರೆಗೂ ಕೇಳುತ್ತಿತ್ತು. ಎದುರು ಸಾಲಿನ ಹಾಲಿನಂಗಡಿಯಾಕೆ ಅಳೆಯುತ್ತಿದ್ದ ಹಾಲನ್ನು ಹಾಗೆಯೇ ಹಿಡಿದು, "ಮೇಸ್ತ್ರಿ ಕುಣಿಯೋಕೆ ಶುರು ಮಾಡಿದ್ರು" ಎನ್ನುತ್ತಿದ್ದಳು. ಕೊಳ್ಳಲು ಬಂದವರೂ ದಾರಿಹೋಕರೂ ಏಣಿ ಮೇಸ್ತ್ರಿಯ ಅಂಗಡಿಯ ಬಾಗಿಲಲ್ಲಿ ಕತ್ತು ನೀಡಿ ನಿಲ್ಲುತ್ತಿದ್ದರು.

ಅದು ನೋಡುವಂತಹ ನೋಟವೇ. ಮೇಸ್ತ್ರಿಯವರು ಆಳು ನೋಡಿದರೆ ಬಾಗಿಲು ತುಂಬುವಷ್ಟು ದಪ್ಪ. ಹೊಸ ಏಣಿಯನ್ನು ಗೋಡೆಗೆ ಒರಗಿಸಿ, ಚಪ್ಪಲಿ ಕಳಚಿಟ್ಟು, ಮೊದಲ ಮೆಟ್ಟಿಲಿನ ಮೇಲೆ ಎರಡೂ ಪಾದಗಳನ್ನು ಜೋಡಿಸಿ ನಿಲ್ಲುವರು. ನಿಂತಲ್ಲಿಯೇ ಒಮ್ಮೆ ಎಗರುವರು, ಇನ್ನೊಮ್ಮೆ ಎಗರುವರು. ಆಮೇಲೆ ಒಂದು ಕಿವಿಯನ್ನು ಕೆಳಕ್ಕೆ ವಾಲಿಸಿ, ಮರ ಏನಾದರೂ ಹೇಳುತ್ತದೆಯೋ ಎಂದು ಆಲಿಸುವರು. ಅದು ಏನೂ ಹೇಳದಿದ್ದರೆ ಮುಂದಿನ ಮೆಟ್ಟಿಲು. ಹೀಗೆ ತಲೆ ಸೂರಿನ ತೊಲೆಗೆ ತಾಗುವವರೆಗೂ ಹೋಗಿ ಕೆಳಗಿಳಿದು, ಕೈ ಕೊಡವಿ, "ತಗೊಂಡು ಹೋಗಿ, ನನ್ನನ್ನೇ ಹೊತ್ತಿದೆ, ಇನ್ನು ನಿಮ್ಮದೇನು ಭಾರ" ಎನ್ನುವರು. ಒಳಗಡೆ ಅವರ ಹೆಂಡತಿ ಅಷ್ಟೂ ಹೊತ್ತು ಅಡುಗೆಮನೆಯ ಹಲಗೆಯ ಮೇಲಿನ ಡಬ್ಬಿಗಳನ್ನು ಎರಡು ಕೈಯಲ್ಲಿ ಒತ್ತಿ ಹಿಡಿದು ನಿಂತಿರುತ್ತಿದ್ದರು. ಹಿಡಿಯದಿದ್ದರೆ ಅವೂ ಕುಣಿದು ಕೆಳಗಿಳಿಯುತ್ತಿದ್ದವು.

ಈ ಪದ್ಧತಿ ಮೇಸ್ತ್ರಿಗೆ ಅವರ ತಂದೆಯಿಂದ ಬಂದದ್ದು. ತಂದೆಯೂ ಭಾರಿ ಆಳು. ಉಳಿ ಹಿಡಿಯುವುದನ್ನು ಕಲಿಸುವ ಮೊದಲೇ ಅವರು ಮಗನಿಗೆ ಹೇಳಿಕೊಟ್ಟದ್ದು ಒಂದೇ ಮಾತು: ಏಣಿಯನ್ನು ಮಾಡಿದವನು ಅದನ್ನು ತಾನು ಮೊದಲು ಹತ್ತಬೇಕು, ಬೀಳುವುದಾದರೆ ತಾನು ಬೀಳಬೇಕು. ಹಾಗೆ ಹತ್ತಿ ನೋಡಿದ ಏಣಿಗಳು ಊರಿನ ಅರ್ಧ ಗೋಡೆಗಳಿಗೆ ಒರಗಿ ನಿಂತಿದ್ದವು. ಒಂದರಿಂದಲೂ ಯಾರೂ ಬಿದ್ದಿರಲಿಲ್ಲ. ಹಿಂದೊಮ್ಮೆ ವಿಮೆಯ ಪ್ರತಿನಿಧಿಯೊಬ್ಬ ಬಂದು, ನಾಳೆ ಯಾರಾದರೂ ಬಿದ್ದರೆ ಏನು ಗತಿ ಎಂದು ಹೆದರಿಸಲು ನೋಡಿದಾಗ ಮೇಸ್ತ್ರಿ ತಮ್ಮ ಹೊಟ್ಟೆಯನ್ನು ತಟ್ಟಿ ತೋರಿಸಿ, "ನನ್ನ ವಿಮೆ ಇಲ್ಲೇ ಇದೆಯಪ್ಪ" ಎಂದು ಕಾಫಿ ಕೊಟ್ಟು ಕಳಿಸಿದ್ದರು.

ಅಂಗಡಿ ಎಂದರೆ ಅವರ ಮನೆಯ ಮುಂಭಾಗ. ಅಲ್ಲಿ ಕೆಲಸದ ಮೇಜು, ಗೋಡೆಯ ತುಂಬ ಗರಗಸ, ಉಳಿ, ಕೊಡತಿ, ಬೈರಿಗೆ. ನೆಲದ ಮೇಲೆ ಸದಾ ಪಾದ ಮುಳುಗುವಷ್ಟು ಮರದ ಹೊಟ್ಟು. ಒಂದು ಬಾಗಿಲು ದಾಟಿದರೆ ಮನೆ: ಎರಡು ಕೋಣೆ, ಅಡುಗೆಮನೆ, ಬಟ್ಟೆ ಒಣಗಿಸುವಷ್ಟು ಹಿತ್ತಿಲು. ಸಾಲ ತೀರಿಸಿ ಅದನ್ನು ತಮ್ಮದು ಮಾಡಿಕೊಳ್ಳುವ ಹೊತ್ತಿಗೆ ಗಂಡಹೆಂಡಿರಿಬ್ಬರ ತಲೆಯೂ ನರೆತಿತ್ತು. ಅವರಿಗೆ ಮಕ್ಕಳಿರಲಿಲ್ಲ. ಹೆಂಡತಿಯ ತಮ್ಮನ ಮಗಳು ಓದುವುದಕ್ಕೆಂದು ಬಂದು ಹಿಂದಿನ ಕೋಣೆಯಲ್ಲಿ ಉಳಿದಿದ್ದಳು. ಕೊಡತಿಯ ಪೆಟ್ಟಿನ ನಡುವೆಯೇ ಕಾನೂನಿನ ದಪ್ಪ ದಪ್ಪ ಪುಸ್ತಕಗಳನ್ನು ಉರುಹೊಡೆದು ಅವಳು ವಕೀಲೆಯಾದಳು. ನ್ಯಾಯಾಲಯದಲ್ಲಿ ಎಲ್ಲರೂ ಅವಳನ್ನು ಮೇಡಂ ಎನ್ನುತ್ತಿದ್ದರು. ಈ ಮನೆಯಲ್ಲಿ ಮಾತ್ರ ಅವಳು ಅಂದಿಗೂ ಇಂದಿಗೂ ಪುಟ್ಟಿಯೇ.

ಹೀಗಿರುವಾಗ ಮೇಸ್ತ್ರಿಗೆ ಹೊಟ್ಟೆಯ ಕಾಯಿಲೆ ಬಂದು ಶಸ್ತ್ರಚಿಕಿತ್ಸೆಯಾಯಿತು. ತಿಂಗಳುಗಟ್ಟಲೆ ಹಾಸಿಗೆ ಹಿಡಿದರು. ಆಗ ಸಂಜೆಯಾದರೆ ತಪ್ಪದೆ ಬಂದು ಕೂರುತ್ತಿದ್ದವನೆಂದರೆ ಪೇಂಟರ್. ಗೋಡೆಗಳಿಗೆ ಬಣ್ಣ ಬಳಿಯುವ, ಬೋರ್ಡು ಬರೆಯುವ ಅವನು ಮೇಸ್ತ್ರಿಯ ಹಳೆಯ ಗಿರಾಕಿ, ಹಳೆಯ ಗೆಳೆಯ. ಗುಂಡಗೆ, ಗಟ್ಟಿಮುಟ್ಟಾಗಿ, ಕಾಲು ಬಂದ ಬಣ್ಣದ ಡ್ರಮ್ಮಿನ ಹಾಗಿದ್ದ. ಹಾಸಿಗೆಯ ಪಕ್ಕ ಕುಳಿತು, ಯಾರು ಮನೆಯ ಗೋಡೆಗೆ ಎಂಥ ಕೆಟ್ಟ ಬಣ್ಣ ಬಳಿಸಿಕೊಂಡರು ಎಂಬುದನ್ನೆಲ್ಲ ವರ್ಣಿಸಿ ನಗಿಸಿ, ನಗುವಾಗ ಹೊಲಿಗೆ ನೋಯುತ್ತದೆಂದು ಮೇಸ್ತ್ರಿಯಿಂದ ಬೈಸಿಕೊಂಡು ಹೋಗುತ್ತಿದ್ದ.

ಮೇಸ್ತ್ರಿ ಎದ್ದು ಓಡಾಡುವ ಹೊತ್ತಿಗೆ ದೇಹ ಅರ್ಧಕ್ಕೆ ಇಳಿದಿತ್ತು. ಅವರೇನೂ ಅದಕ್ಕೆ ಬೇಸರಪಡಲಿಲ್ಲ. ಮತ್ತೆ ಉಳಿ ಹಿಡಿದರು, ಮತ್ತೆ ಏಣಿ ಮಾಡಿದರು, ಮತ್ತೆ ಹತ್ತಿ ಎಗರಿದರು. ಮೊದಲಿನ ಧಡ್ ಹೋಗಿ ಈಗ ಟಪ್, ಟಪ್ ಎನ್ನುತ್ತಿತ್ತು. ಬೀದಿಯವರಿಗೆ ಆ ಸದ್ದೂ ಹಿತವಾಗಿಯೇ ಕೇಳಿಸಿತು; ಮೇಸ್ತ್ರಿ ಬದುಕಿ ಬಂದರಲ್ಲ ಎಂಬ ಸಮಾಧಾನ ಎಲ್ಲರದು. ಮೇಸ್ತ್ರಿಯಂತೂ ಮೊಣಕಾಲು ನೋವು ಮಾಯವಾಯಿತೆಂದು ಹಿಗ್ಗಿ, ಒಂದೊಂದು ಮೆಟ್ಟಿಲ ಮೇಲೂ ಬೇಕೆಂದೇ ಇನ್ನೊಂದೆರಡು ಬಾರಿ ಹೆಚ್ಚಾಗಿ ಕುಣಿಯುತ್ತಿದ್ದರು.

ಪೇಂಟರ್ ಕೊಂಡ ಹೊಸ ಏಣಿ ಆ ದಿನಗಳಲ್ಲಿ ಮಾಡಿದ್ದು. ವರ್ಷ ಕಳೆಯುವಷ್ಟರಲ್ಲಿ, ಒಂದು ಅಂಗಡಿಯ ಮಹಡಿಯ ಗೋಡೆಗೆ ಬಣ್ಣ ಬಳಿಯುತ್ತಿದ್ದಾಗ, ಮೇಲಿನ ಮೆಟ್ಟಿಲೊಂದು ಮುರಿದು ಅವನು ಕೆಳಗೆ ಬಿದ್ದ. ಹಿಮ್ಮಡಿಯ ಮೂಳೆ ಪುಡಿಯಾಯಿತು.

ಸುದ್ದಿ ತಿಳಿದು ಮೇಸ್ತ್ರಿ ಬಿದ್ದೆನೋ ಎದ್ದೆನೋ ಎಂದು ಆಸ್ಪತ್ರೆಗೆ ಓಡಿದರು. ಪೇಂಟರ್ ಔಷಧದ ಮಂಪರಿನಲ್ಲಿದ್ದ. ಹೊರಗೆ ಬೆಂಚಿನ ಮೇಲೆ ಅವನ ಹೆಂಡತಿ ಕುಳಿತಿದ್ದಳು. ಏನು ಹೇಳಬೇಕೆಂದು ತೋಚದೆ ಮೇಸ್ತ್ರಿ ನಿಂತೇ ಇದ್ದು, ನಿಂತೇ ಇದ್ದು, ಹಿಂದಿರುಗಿದರು. ಮರುದಿನ ತಮಗೆ ತಿಳಿದ ಒಂದೇ ಸಮಾಧಾನದ ದಾರಿಯನ್ನು ಹಿಡಿದರು: ಗಟ್ಟಿ ಮರ ಆರಿಸಿ ಹೊಸ ಮೆಟ್ಟಿಲೊಂದನ್ನು ಮಾಡಿ, ಮುರಿದ ಏಣಿಯನ್ನು ಸರಿಮಾಡಿಕೊಡಲು ಅದನ್ನು ಕಂಕುಳಲ್ಲಿಟ್ಟುಕೊಂಡು ಹೊರಟರು. ಎದುರಿಗೆ ಬಂದ ಪುಟ್ಟಿ ತಲೆಯ ಮೇಲೆ ಕೈ ಹೊತ್ತುಕೊಂಡು, ಅವರನ್ನು ಹಿಂದಕ್ಕೆ ಕರೆತಂದಳು.

ಅವಳಿಗೆ ಆಗಲೇ ದಾವೆಯ ಸುಳಿವು ಸಿಕ್ಕಿತ್ತು. ವಾರ ಕಳೆದ ಮೇಲೆ ನೋಟೀಸು ಬಂದೇ ಬಂದಿತು. ಏಣಿಯ ದೋಷದಿಂದ ಬಿದ್ದೆನೆಂದೂ, ಆಸ್ಪತ್ರೆಯ ಖರ್ಚು, ಹೋದ ದುಡಿಮೆ, ಪಟ್ಟ ನೋವು ಎಲ್ಲಕ್ಕೂ ಪರಿಹಾರ ಕೊಡಬೇಕೆಂದೂ ಪೇಂಟರ್ ಸಿವಿಲ್ ದಾವೆ ಹೂಡಿದ್ದ. ಮೇಸ್ತ್ರಿಗೆ ಕೋಪ ಬರಲಿಲ್ಲ. ದುಡಿಯುವ ಕಾಲು ಮುರಿದರೆ ಮನೆಯಲ್ಲಿ ಒಲೆ ಉರಿಯುವುದು ಹೇಗೆಂದು ಅವರಿಗೆ ಗೊತ್ತಿತ್ತು. ಆದರೆ ಕೇಳಿದ ಮೊತ್ತ ಮನೆ ಮಾರದೆ ತೀರುವಂಥದಾಗಿರಲಿಲ್ಲ.

ಪುಟ್ಟಿ ಅವರನ್ನು ಮೇಜಿನ ಮುಂದೆ ಕೂರಿಸಿದಳು. "ಮಾವ, ಮೊದಲು ಇದೊಂದು ಅರ್ಥ ಮಾಡ್ಕೊಳ್ಳಿ. ಕಾನೂನಿನ ಕಣ್ಣಿಗೆ ನಿಮ್ಮ ಅಂಗಡಿ ಅಂತ ಬೇರೆ ಒಂದಿಲ್ಲ. ಅಂಗಡಿ ಅಂದ್ರೂ ನೀವೇ, ಮನೆ ಅಂದ್ರೂ ನೀವೇ. ಅಂಗಡಿ ಮೇಲೆ ಬಿದ್ದ ಹೊರೆ ನೇರವಾಗಿ ಅಡುಗೆಮನೆಗೆ ಬರುತ್ತೆ."

"ಮಧ್ಯೆ ಗೋಡೆ ಇದೆಯಲ್ಲೇ."

"ಆ ಗೋಡೆ ಇಟ್ಟಿಗೆಯದು. ನೀವು ಕಾಗದದ ಮೇಲೂ ಒಂದು ಗೋಡೆ ಕಟ್ಟಬೇಕಿತ್ತು. ಅಂಗಡೀನ ಒಂದು ಕಂಪನಿ ಮಾಡಿ ಬೇರೆ ನಿಲ್ಲಿಸಬೇಕಿತ್ತು. ನಾನು ವಕೀಲಳಾದ ವರ್ಷವೇ ಹೇಳಿದ್ದೆ, ನೀವು ನಕ್ಕುಬಿಟ್ರಿ."

ಈಗ ಕಟ್ಟಿದರಾಗದೆ ಎಂದು ಮೇಸ್ತ್ರಿ ಕೇಳಿದರು. ಮುಂದೆ ಬರುವ ಮಳೆಗೆ ಕಟ್ಟಬಹುದು, ಆಗಲೇ ಒಳಗೆ ನುಗ್ಗಿದ ನೀರಿಗಲ್ಲ ಎಂದಳು ಪುಟ್ಟಿ. ಅಲ್ಲದೆ ಕೈಯಾರೆ ಮಾಡಿದ ತಪ್ಪಿಗೆ ಆ ಗೋಡೆಯೂ ಪೂರ್ತಿ ಅಡ್ಡ ಬರುವುದಿಲ್ಲವಂತೆ. ಉಳಿದಿರುವ ದಾರಿಯೆಂದರೆ ಹೊಣೆಯ ಪಾಲನ್ನು ಕಡಿಮೆ ಮಾಡಿಸುವುದು. ಪೇಂಟರ್ ಆ ಏಣಿಯನ್ನು ಬಿಸಿಲು ಮಳೆಯೆನ್ನದೆ ಹೊರಗೆ ಬಿಟ್ಟಿದ್ದ. ಅಂದು ಸೊಂಟಕ್ಕೆ ಒಂದು, ಕೈಯಲ್ಲೊಂದು ಬಣ್ಣದ ಡಬ್ಬಿ ಹೊತ್ತು ಹತ್ತಿದ್ದ. ನಿಲ್ಲಬಾರದಷ್ಟು ಮೇಲೆ ನಿಂತಿದ್ದ. ಇದನ್ನೆಲ್ಲ ತೋರಿಸಿದರೆ ತಪ್ಪಿನಲ್ಲಿ ಅವನಿಗೂ ಪಾಲು ಬೀಳುತ್ತದೆ, ಅಷ್ಟಕ್ಕೆ ಮನೆ ಉಳಿದೀತು. ಆದರೆ ಅಲ್ಲಿಯವರೆಗೆ ಮೇಸ್ತ್ರಿ ಪೇಂಟರನ್ನು ನೋಡಲು ಹೋಗಕೂಡದು, ಮುರಿದ ಏಣಿಯನ್ನು ಮುಟ್ಟಕೂಡದು, ತಮ್ಮದು ತಪ್ಪಾಯಿತೆಂದು ಯಾರ ಮುಂದೆಯೂ ಬಾಯಿ ಬಿಡಕೂಡದು.

"ಹೇಗಿದೀಯ ಅಂತಾನೂ ಕೇಳಬಾರದಾ?"

"ನೀವು ಹೇಗಿದೀಯ ಅಂತ ಕೇಳೋಕೆ ಹೋದ್ರೆ ಅಳ್ತೀರಿ ಮಾವ. ನನಗೆ ಗೊತ್ತಿಲ್ವಾ ನಿಮ್ಮನ್ನ?"

ಮೇಸ್ತ್ರಿ ಬಾಯಿಗೆ ಬೀಗ ಹಾಕಿಕೊಂಡರು. ಸಂಜೆಯಾದರೆ ಕಾಲು ಪೇಂಟರನ ಮನೆಯ ಕಡೆಗೆ ಎಳೆಯುತ್ತಿತ್ತು; ಹಾಲಿನಂಗಡಿಯವರೆಗೆ ಹೋಗಿ, ಬೇಡದ ಹಾಲನ್ನು ಕೊಂಡು ಹಿಂದಿರುಗುತ್ತಿದ್ದರು. ಮನೆಯಲ್ಲಿ ಹಾಲು ಉಕ್ಕಿ ಹರಿಯುವಷ್ಟಾಯಿತು. ಹೆಂಡತಿ ಏನೂ ಕೇಳದೆ ಪಕ್ಕದ ಮನೆಯವರಿಗೆ ಹಂಚುತ್ತಿದ್ದರು.

ಉತ್ತರ ಸಲ್ಲಿಸುವುದಕ್ಕೆ ನ್ಯಾಯಾಲಯಕ್ಕೆ ಹೋಗಬೇಕಾದ ದಿನ ಬಂದಿತು. ಹೆಂಡತಿ ಇಸ್ತ್ರಿ ಮಾಡಿದ ಅಂಗಿ ತೆಗೆದಿಟ್ಟರು. ಅಂಗಡಿಯಲ್ಲಿ ಪ್ಯಾಂಟಿಗೆ ಹಗ್ಗ ಕಟ್ಟಿಕೊಂಡೇ ಕಾಲ ಕಳೆಯುತ್ತಿದ್ದ ಮೇಸ್ತ್ರಿ ಬಹಳ ದಿನಗಳ ಮೇಲೆ ಬೆಲ್ಟು ತೆಗೆದು ಸೊಂಟಕ್ಕೆ ಸುತ್ತಿದರೆ ಅದು ನಿಲ್ಲದೆ ಜಾರಿತು. ಹೊಸ ತೂತು ಬೇಕು. ಕೆಲಸದ ಮೇಜಿನ ಮೇಲೆ ಬೆಲ್ಟನ್ನು ಚಾಚಿ, ಸಣ್ಣ ಬೈರಿಗೆಯಿಂದ ತಿರುವಿ ತೂತು ಕೊರೆದರು. ಕೊರೆದು, ಚೂರನ್ನು ಊದಿ, ಸಾಲನ್ನು ನೋಡಿದರು. ಕಾಯಿಲೆಗೆ ಮುಂಚೆ ಹಾಕುತ್ತಿದ್ದ ಹಳೆಯ ತೂತು ಬಳಕೆಯಿಂದ ಅಗಲವಾಗಿ, ಸುತ್ತಲ ಚರ್ಮ ಕಪ್ಪಾಗಿ, ಎಲ್ಲೋ ದೂರದಲ್ಲಿತ್ತು. ಅಲ್ಲಿಂದ ಇಲ್ಲಿಗೆ ಅಂಗೈ ಅಡ್ಡವಿಟ್ಟು ಅಳೆದರೂ ಮಿಕ್ಕುತ್ತಿತ್ತು.

ಕೈ ಅಲ್ಲಿಯೇ ನಿಂತಿತು.

ಅಷ್ಟು ಮೈ ಹೋಗಿದೆ. ಅಷ್ಟು ಭಾರ ಹೋಗಿದೆ. ತಂದೆಯ ಕಾಲದಿಂದ ಏಣಿಯನ್ನು ಪರೀಕ್ಷಿಸುತ್ತಿದ್ದದ್ದು ಆ ಭಾರ. ಅದು ಹೋದ ಮೇಲೂ ತಾವು ಹತ್ತಿದ್ದೇ ಹತ್ತಿದ್ದು, ಎಗರಿದ್ದೇ ಎಗರಿದ್ದು, ನನ್ನನ್ನು ಹೊತ್ತಿದೆ ಎಂದು ಹೇಳಿದ್ದೇ ಹೇಳಿದ್ದು. ಹಕ್ಕಿ ಕುಳಿತು ಹೋದರೆ ಕೊಂಬೆ ಗಟ್ಟಿಯೆಂದು ಸಾಬೀತಾಗುತ್ತದೆಯೆ? ಒಳಗೆ ಗಂಟಿರುವ ಮೆಟ್ಟಿಲು ಮೊದಲಿನ ಮೇಸ್ತ್ರಿಯ ಕಾಲಡಿ ಅಂಗಡಿಯಲ್ಲಿಯೇ ಲಟಕ್ಕೆನ್ನುತ್ತಿತ್ತು. ಈಗಿನ ಮೇಸ್ತ್ರಿಯನ್ನು ಅದು ಸುಮ್ಮನೆ ಹೊತ್ತು, ಪೇಂಟರನ್ನು ಕೆಡವಿತ್ತು.

ಹೆಂಡತಿ ಹೊತ್ತಾಯಿತೆಂದು ಕರೆಯಲು ಬಂದವರು ಅವರ ಮುಖ ನೋಡಿ ಅಲ್ಲಿಯೇ ಮರದ ದಿಮ್ಮಿಯ ಮೇಲೆ ಕುಳಿತರು. ಮೇಸ್ತ್ರಿ ತಡವರಿಸುತ್ತ ಎಲ್ಲವನ್ನೂ ಹೇಳಿದರು. ಆಕೆ ಬೆಲ್ಟನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು.

"ನಿಮ್ಮ ಪ್ಯಾಂಟಿನ ಸೊಂಟ ಹಿಡಿದವಳು ನಾನು. ಎರಡೆರಡು ಸಲ ಬಿಚ್ಚಿ ಚಿಕ್ಕದು ಮಾಡಿ ಹೊಲಿದಿದೀನಿ. ಡಬ್ಬಿ ಹಿಡ್ಕೊಳ್ಳೋದನ್ನೂ ಬಿಟ್ಟೆ, ಅವು ಅಲ್ಲಾಡ್ತಾನೇ ಇರಲಿಲ್ಲ. ಆದ್ರೂ ನನಗೆ ಹೊಳೀಲಿಲ್ಲ ನೋಡಿ."

"ಇದು ಗೊತ್ತಾದ್ರೆ ಮನೆ ಹೋಗುತ್ತೆ ಕಣೇ."

ಆಕೆ ಬಾಗಿಲಾಚೆ ಕಾಣುತ್ತಿದ್ದ ತಮ್ಮ ಅಡುಗೆಮನೆಯ ಕಡೆಗೊಮ್ಮೆ ನೋಡಿದರು. ಆಮೇಲೆ, "ಅದಿರಲಿ. ಕಾಯಿಲೆ ಆದ್ಮೇಲೆ ಮಾಡಿದ ಬೇರೆ ಏಣಿಗಳು ಯಾರ್ಯಾರ ಹತ್ರ ಇವೆ ರೀ?" ಎಂದರು.

ಅಲ್ಲಿಯವರೆಗೆ ಮೇಸ್ತ್ರಿ ಬಿದ್ದ ಒಬ್ಬನನ್ನೇ ನೆನೆಯುತ್ತಿದ್ದರು. ಇನ್ನೂ ಬೀಳದವರು ಈಗ ಕಣ್ಣ ಮುಂದೆ ಬಂದು, ಒಬ್ಬೊಬ್ಬರಾಗಿ ಏಣಿ ಹತ್ತತೊಡಗಿದರು.

ನ್ಯಾಯಾಲಯದ ಮೆಟ್ಟಿಲ ಬಳಿ ಕಾಯುತ್ತಿದ್ದ ಪುಟ್ಟಿಗೆ ಅವರು ವಿಷಯವನ್ನು ಮುಚ್ಚಿಡಲಿಲ್ಲ. ಅವಳು ಅವರನ್ನು ಒಂದು ಖಾಲಿ ಕೋಣೆಗೆ ಕರೆದೊಯ್ದು ಬಾಗಿಲು ಹಾಕಿದಳು. ಕೇಳಿ ಮುಗಿದ ಮೇಲೆ ಕಿಟಕಿಯ ಬಳಿ ಹೋಗಿ ಅವರಿಗೆ ಬೆನ್ನು ಮಾಡಿ ನಿಂತಳು. ಓದುವಾಗ ಲೆಕ್ಕ ತಪ್ಪಿದರೆ ಹಿಂದಿನ ಕೋಣೆಯ ಕಿಟಕಿಯಲ್ಲಿ ಹೀಗೆಯೇ ನಿಲ್ಲುತ್ತಿದ್ದಳು.

"ನನಗೆ ಹೇಳಿದ್ದು ನನ್ನ ಹೊಟ್ಟೆಯಲ್ಲೇ ಇರುತ್ತೆ, ಮಾವ. ಆದ್ರೆ ನಾಳೆ ಪ್ರಮಾಣ ಮಾಡಿಸಿ ಕೇಳಿದ್ರೆ, ಸುಳ್ಳು ಹೇಳಿ ಅಂತ ನಾನು ಹೇಳೋಳಲ್ಲ."

"ಆ ಬೇರೆ ಏಣಿಗಳು?"

"ಅವನ್ನ ಇವತ್ತಿಂದಲೇ ವಾಪಸ್ ತರಬೇಕು. ಮನೆಮಗಳಾಗಿ ಅಲ್ಲ, ವಕೀಲಳಾಗೇ ಹೇಳ್ತೀನಿ. ಗೊತ್ತಿಲ್ಲದೆ ಆದ ತಪ್ಪಿಗೆ ಕಾನೂನು ಒಂದು ಅಳತೆ ಇಡುತ್ತೆ. ಗೊತ್ತಾದ್ಮೇಲೂ ಸುಮ್ನೆ ಕೂತ್ರೆ ಆ ಅಳತೆಯೂ ನಿಮ್ಮ ಕೈ ಬಿಡುತ್ತೆ. ಆಗ ಮನೆ ಮಾತ್ರ ಅಲ್ಲ, ನೀವೂ ಉಳಿಯೋಲ್ಲ."

ತಂದು ಇಟ್ಟರೆ ಸಾಕು, ಈ ವ್ಯಾಜ್ಯ ಒಂದು ದಡ ಸೇರುವವರೆಗೆ ಅವನ್ನು ಯಾರೂ ಹತ್ತುವುದೂ ಬೇಡ, ಮುರಿಯುವುದೂ ಬೇಡ ಎಂದು ಅವಳು ಎಚ್ಚರಿಸಿದಳು. ಆಮೇಲೆ ತುಸು ಯೋಚಿಸಿ ಇನ್ನೊಂದು ದಾರಿಯನ್ನು ಹೇಳಿದಳು. ನ್ಯಾಯಾಧೀಶರ ಮುಂದೆ ವಾದಕ್ಕೆ ನಿಲ್ಲುವ ಮೊದಲು ಎರಡೂ ಕಡೆಯವರು ಒಪ್ಪಿದರೆ ಸಂಧಾನಕ್ಕೆ ಕೂರಬಹುದು. ಆ ಕೋಣೆಯಲ್ಲಿ ಆಡಿದ ಮಾತು ಆ ಕೋಣೆಯಲ್ಲಿಯೇ ಉಳಿಯುತ್ತದೆ. ಯಾರೂ ಅದನ್ನು ಎತ್ತಿಕೊಂಡು ಹೋಗಿ ನ್ಯಾಯಾಲಯದಲ್ಲಿ ಸಾಕ್ಷಿಯಾಗಿ ಒಡ್ಡುವ ಹಾಗಿಲ್ಲ.

"ಅಲ್ಲಿ ನಾನು ಅಳಬಹುದಾ?" ಎಂದು ಮೇಸ್ತ್ರಿ ಕೇಳಿದರು.

ಪುಟ್ಟಿ ಬಂದು ಅವರ ಕೈ ಹಿಡಿದುಕೊಂಡಳು. "ಅಲ್ಲಿ ಅಳಬಹುದು ಮಾವ."

ಮರುದಿನ ಬೆಳಿಗ್ಗೆ ಮೇಸ್ತ್ರಿ ಕೈಗಾಡಿ ತಳ್ಳಿಕೊಂಡು ಹೊರಟರು. ಯಾರಿಗೆ ಯಾವ ಏಣಿ ಕೊಟ್ಟೆನೆಂಬುದು ಅವರಿಗೆ ಮರೆಯುವ ಸಂಗತಿಯಾಗಿರಲಿಲ್ಲ. ಕಾರಣವನ್ನೂ ಅವರು ಅಡಗಿಸಲಿಲ್ಲ, ಪುಟ್ಟಿ ಹೇಳಿಕೊಟ್ಟ ಹಾಗೆ ಚುಟುಕಾಗಿ ಹೇಳಿದರು: ಏಣಿಯನ್ನು ಇನ್ನೊಮ್ಮೆ ಪರೀಕ್ಷಿಸಬೇಕಾಗಿದೆ, ಅಲ್ಲಿಯವರೆಗೆ ಹತ್ತಬೇಡಿ. ಕೆಲವರು ಮರುಮಾತಿಲ್ಲದೆ ಕೊಟ್ಟರು. ಗ್ರಂಥಾಲಯದಾಕೆ, ಕಡ್ಡಿಯಂತಿದ್ದ ಹೆಂಗಸು, ತಾನು ಹತ್ತಿದರೆ ಏಣಿಗೆ ಗೊತ್ತೇ ಆಗುವುದಿಲ್ಲವೆಂದು ನಕ್ಕಳು, ಆದರೂ ಕೊಟ್ಟಳು. ಹಣ್ಣಿನ ಮಂಡಿಯವಳು ಮಾತ್ರ ಜಗ್ಗಲಿಲ್ಲ. ಮಾರಿದ್ದನ್ನು ವಾಪಸು ಕೇಳುವವನನ್ನು ತಾನು ಹುಟ್ಟಿದಾಗಿನಿಂದ ನೋಡಿಲ್ಲವೆಂದೂ, ಕಾಯಿಲೆ ಹೊಟ್ಟೆಯಿಂದ ತಲೆಗೆ ಏರಿರಬೇಕೆಂದೂ ನಾಲ್ಕು ಜನರೆದುರು ಅಂದಳು. ಮೇಸ್ತ್ರಿ ತುಟಿ ಪಿಟಕ್ಕೆನ್ನದೆ ಅವಳ ಅಂಗಡಿಯ ಮುಂದೆ ಬುಟ್ಟಿಯೊಂದನ್ನು ಬೋರಲು ಹಾಕಿ ಕುಳಿತರು. ಮಧ್ಯಾಹ್ನದವರೆಗೂ ಕುಳಿತರು. ಕೊನೆಗೆ ಗಿರಾಕಿಗಳು ಇವರಾರೆಂದು ವಿಚಾರಿಸತೊಡಗಿದ ಮೇಲೆ ಅವಳೇ ಏಣಿಯನ್ನು ಗಾಡಿಗೆ ಎತ್ತಿ ಹಾಕಿ, ಎರಡು ಕಿತ್ತಳೆಯನ್ನೂ ಕೈಗಿಟ್ಟು, "ಎದ್ದು ಹೋಗಿ ಪುಣ್ಯಾತ್ಮ" ಎಂದಳು.

ಅಂಗಡಿ ತುಂಬಿತು, ಹಿತ್ತಿಲು ತುಂಬಿತು. ಮಲಗುವ ಕೋಣೆಗೆ ಅಡ್ಡಡ್ಡ ನಡೆದು ಹೋಗಬೇಕಾಯಿತು. ಹೆಂಡತಿ ಏಣಿಗಳ ಮೇಲೆಯೇ ಬಟ್ಟೆ ಒಣಹಾಕಿದರು.

ಸಂಧಾನದ ಕೋಣೆ ನ್ಯಾಯಾಲಯದ ಹಿಂಬದಿಯಲ್ಲಿತ್ತು. ಒಂದು ದುಂಡು ಮೇಜು, ಕುರ್ಚಿಗಳು, ನೀರಿನ ಹೂಜಿ. ಮಧ್ಯಸ್ಥರು ಒಬ್ಬ ವಯಸ್ಸಾದ ಹೆಂಗಸು, ಕನ್ನಡಕವನ್ನು ದಾರದಲ್ಲಿ ಕತ್ತಿಗೆ ತೂಗುಬಿಟ್ಟಿದ್ದರು. ಇಲ್ಲಿಯ ಮಾತು ಹೊರಗೆ ಹೋಗದೆಂಬ ನಿಯಮವನ್ನು ಅವರು ವಿವರಿಸಿದರು. ಮೇಸ್ತ್ರಿ ಅದನ್ನು ಇನ್ನೊಮ್ಮೆ ಹೇಳಿಸಿ ಕೇಳಿಕೊಂಡರು.

ಪೇಂಟರ್ ಊರುಗೋಲುಗಳ ಮೇಲೆ ಬಂದ. ಜೊತೆಯಲ್ಲಿ ಅವನ ಹೆಂಡತಿ, ಅವನ ವಕೀಲರು. ತಿಂಗಳುಗಳ ಮೇಲೆ ಗೆಳೆಯರಿಬ್ಬರೂ ಎದುರುಬದುರಾದದ್ದು ಆಗ. ಪೇಂಟರ್ ಕುರ್ಚಿಯಲ್ಲಿ ಕುಳಿತು, ಗೋಲುಗಳನ್ನು ಮೇಜಿಗೆ ಒರಗಿಸಿ, ಮೇಸ್ತ್ರಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ಇನ್ನೂ ಇಳಿದು ಹೋಗಿದೀರಲ್ಲ ಮೇಸ್ತ್ರಿ. ಅತ್ತಿಗೆ ಊಟ ಹಾಕ್ತಿಲ್ವಾ?"

ಅವನ ವಕೀಲರು ಕೆಮ್ಮಿದರು. ಮೇಸ್ತ್ರಿ ಏನೇನೋ ಜೋಡಿಸಿಕೊಂಡು ಬಂದಿದ್ದರು. ಅದೆಲ್ಲ ಆ ಒಂದು ಮಾತಿಗೆ ಕರಗಿಹೋಯಿತು.

"ಇಳಿದಿದೀನಿ ಕಣಯ್ಯ. ಅದೇ ಆಗಿದ್ದು. ನಾನು ಇಳಿದು ಹೋಗಿದ್ದು ನನಗೆ ಗೊತ್ತಾಗಲಿಲ್ಲ. ಮೊದಲಿನ ಹಾಗೇ ಇದೀನಿ ಅಂದ್ಕೊಂಡು ಹತ್ತಿ ಕುಣಿದೆ. ನಾನು ಮೊದಲಿನ ಹಾಗೆ ಇದ್ದಿದ್ರೆ ಆ ಮೆಟ್ಟಿಲು ನನ್ನ ಅಂಗಡಿಯಲ್ಲೇ ಮುರೀತಿತ್ತು. ನೀನು ಬೀಳ್ತಿರಲಿಲ್ಲ."

ಇಷ್ಟು ಹೇಳುವಷ್ಟರಲ್ಲಿ ಅವರು ನಿಜಕ್ಕೂ ಅಳುತ್ತಿದ್ದರು. ಮೊದಲು ಬಾಯಿ ತೆರೆದವಳು ಪೇಂಟರನ ಹೆಂಡತಿ. ಗಂಡ ಆಸ್ಪತ್ರೆಯಲ್ಲಿ ನರಳುವಾಗ ಮೇಸ್ತ್ರಿ ಬಂದು ಕಂಬದ ಹಾಗೆ ನಿಂತು ಹೋದದ್ದನ್ನೂ, ಆಮೇಲೆ ಈ ಕಡೆ ತಲೆ ಹಾಕದಿದ್ದದ್ದನ್ನೂ ಅವಳು ಒಂದೊಂದಾಗಿ ಎತ್ತಿ ಆಡಿದಳು. ತಾವು ದಾವೆ ಹೂಡಿದ್ದು ಬಾಡಿಗೆ ಕಟ್ಟಲಾಗದೆ; ಆದರೆ ಸಿಟ್ಟು ಬಂದದ್ದು ಅದಕ್ಕಲ್ಲ. "ಇಷ್ಟನ್ನ ಅವತ್ತೇ ಬಂದು ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?" ಎಂದಳು. ಹೇಳಿದ್ದರೆ ಮನೆಯೇ ಹೋಗುತ್ತಿತ್ತು, ಅದಕ್ಕೆ ತಾನೇ ತಡೆದೆ ಎಂದು ಪುಟ್ಟಿ ತಗ್ಗಿದ ದನಿಯಲ್ಲಿ ಒಪ್ಪಿಕೊಂಡಳು. ಆ ಹೆಂಗಸು ಸೆರಗಿನಿಂದ ಮೂಗೊರೆಸಿಕೊಂಡಳು.

ಪೇಂಟರ್ ಮೇಜಿನ ಮೇಲೆ ಬೆರಳಿನಿಂದ ಬಣ್ಣ ಬಳಿಯುವವನ ಹಾಗೆ ಗೀರುತ್ತ ಕುಳಿತಿದ್ದ.

"ನೀವು ಆ ಏಣಿ ಮೇಲೆ ಕುಣಿಯೋವಾಗ ನಾನು ಅಲ್ಲೇ ನಿಂತಿದ್ದೆ, ಮೇಸ್ತ್ರಿ. ಎಷ್ಟು ಹಗುರವಾಗಿ ಎಗರ್ತಾರೆ ನೋಡು, ಪೂರ್ತಿ ಹುಷಾರಾದ್ರು ಅಂತ ಖುಷಿಪಟ್ಟೆ. ಮನೆಗೆ ಹೋಗಿ ಇವಳಿಗೂ ಹೇಳಿದೆ. ಭಾರ ಕಡಿಮೆ ಆಗಿದೆ, ಪರೀಕ್ಷೆ ಸಾಲದು ಅಂತ ನನಗೂ ಹೊಳೀಲಿಲ್ವಲ್ಲ." ಗೀರುವುದನ್ನು ನಿಲ್ಲಿಸಿ, "ಎರಡು ಡಬ್ಬಿ ಹೊತ್ತು ಹತ್ತಿದ್ದು ನಿಜ. ನಾನೇನೂ ಇಲ್ಲ ಅನ್ನಲ್ಲ" ಎಂದ.

ಅವನ ವಕೀಲರು ಈ ಬಾರಿ ಕೆಮ್ಮಲೂ ಇಲ್ಲ.

ಮಧ್ಯಾಹ್ನ ಕಳೆಯುವ ಹೊತ್ತಿಗೆ ಕಾಗದ ಸಿದ್ಧವಾಯಿತು. ಆಸ್ಪತ್ರೆಯ ಖರ್ಚೆಲ್ಲ ಮೇಸ್ತ್ರಿಯದು. ಪೇಂಟರ್ ಮತ್ತೆ ಕೆಲಸಕ್ಕೆ ನಿಲ್ಲುವವರೆಗೆ ಅವನ ಮನೆ ನಡೆಯುವಷ್ಟನ್ನು ತಿಂಗಳು ತಿಂಗಳು ದುಡಿಮೆಯಿಂದಲೇ ಕೊಡಬೇಕು. ಅದಕ್ಕೂ ಮೇಲೆ ಮನೆಯನ್ನಾಗಲಿ ಅಂಗಡಿಯನ್ನಾಗಲಿ ಮುಟ್ಟುವ ಹಾಗಿಲ್ಲ. ಈ ಅಪಘಾತದ ಬಗ್ಗೆ ಇನ್ನು ಮುಂದೆ ಯಾವ ದಾವೆಯೂ ಇಲ್ಲ. ರುಜು ಹಾಕುವ ಮುನ್ನ ಪೇಂಟರನ ಹೆಂಡತಿ ಒಂದು ಷರತ್ತು ಸೇರಿಸಬೇಕೆಂದಳು. ಎಲ್ಲರೂ ಗಾಬರಿಯಾಗಿ ನೋಡಿದರು. ಗಂಡ ದಿನವಿಡೀ ಮನೆಯಲ್ಲಿ ಕುಳಿತು ಗೋಡೆಯ ಬಣ್ಣ ಸರಿಯಿಲ್ಲ, ಬಾಗಿಲಿನ ಬಣ್ಣ ಸರಿಯಿಲ್ಲ ಎಂದು ತನ್ನ ತಲೆ ತಿನ್ನುತ್ತಿದ್ದಾನೆ. ಕಾಲು ಸರಿಹೋಗುವವರೆಗೆ ಹಗಲು ಹೊತ್ತು ಮೇಸ್ತ್ರಿ ಅವನನ್ನು ತಮ್ಮ ಅಂಗಡಿಯಲ್ಲಿ ಕೂರಿಸಿಕೊಳ್ಳಬೇಕು. ಮಧ್ಯಸ್ಥರು ಕನ್ನಡಕ ತೆಗೆದು, ಇದನ್ನು ಕಾಗದದಲ್ಲಿ ಬರೆಯಲಾಗದೆಂದೂ, ಆದರೆ ತಾವು ಕೇಳಿಸಿಕೊಂಡಿರುವುದಾಗಿಯೂ ಹೇಳಿದರು.

ಪುಟ್ಟಿ ಈ ಬಾರಿ ಮೇಸ್ತ್ರಿಗೆ ನಗಲು ಬಿಡಲಿಲ್ಲ. ಅಂಗಡಿಯನ್ನು ಕಂಪನಿಯಾಗಿ ನೋಂದಾಯಿಸಿ ಮನೆಯಿಂದ ಬೇರೆ ಮಾಡಿಸಿದಳು, ವಿಮೆ ಮಾಡಿಸಿದಳು. ಮೈಭಾರದ ಪರೀಕ್ಷೆಯನ್ನು ಪರೀಕ್ಷೆಯೆಂದು ಒಪ್ಪುವುದಿಲ್ಲ, ಮರಳಿನ ಮೂಟೆ ಕಟ್ಟಿ ನೋಡಬೇಕೆಂದು ವಿಮೆಯವರು ಸ್ಪಷ್ಟವಾಗಿ ಹೇಳಿದರು. ಹೊಸ ಬೋರ್ಡನ್ನು ಪೇಂಟರ್ ಕುಳಿತಲ್ಲಿಯೇ ಬರೆದ. ಕೊನೆಯಲ್ಲಿ ನಿಯಮಿತ ಎಂಬ ಶಬ್ದವನ್ನು ಬರೆಯುತ್ತ, ಹಾಗೆಂದರೇನು ಎಂದು ಕೇಳಿದ.

"ಇನ್ನು ಮುಂದೆ ಅಂಗಡಿ ಮೇಲೆ ಏನೇ ಬಂದ್ರೂ ಅಂಗಡಿಯಲ್ಲಿ ಇರೋವಷ್ಟಕ್ಕೆ ಮಾತ್ರ ಕೈ ಹಾಕಬಹುದಂತೆ. ನಾನೇ ಕೈಯಾರೆ ತಪ್ಪು ಮಾಡದಿದ್ರೆ ಅಡುಗೆಮನೆಗೆ ಬರೋ ಹಾಗಿಲ್ಲವಂತೆ" ಎಂದರು ಮೇಸ್ತ್ರಿ.

"ನನ್ನ ಕಾಲು ಮುರಿಸಿ ಬುದ್ಧಿ ಕಲಿತ್ರಿ ಅನ್ನಿ."

"ಬರಿ ಬರಿ, ಅಕ್ಷರ ಸೊಟ್ಟ ಆಗ್ತಿದೆ."

ಬೋರ್ಡು ಒಣಗಿದ ಮರುದಿನ ಹಿಂದಕ್ಕೆ ತಂದ ಏಣಿಗಳ ಪರೀಕ್ಷೆ ಶುರುವಾಯಿತು. ಮೇಸ್ತ್ರಿ ಮೊದಲಿನ ತಮ್ಮಷ್ಟೇ ಭಾರವಾಗುವವರೆಗೆ ಮೂಟೆಗೆ ಮರಳು ತುಂಬಿ, ಅದರ ಮೇಲೆ ಇನ್ನೂ ಒಂದಿಷ್ಟು ತುಂಬಿದರು. ಸೂರಿನ ತೊಲೆಗೆ ರಾಟೆ ಕಟ್ಟಿ, ಹಗ್ಗದಿಂದ ಮೂಟೆಯನ್ನೆತ್ತಿ ಒಂದೊಂದು ಮೆಟ್ಟಿಲಿಗೂ ತೂಗುಹಾಕಿದರು. ಪೇಂಟರ್ ಕುರ್ಚಿಯಲ್ಲಿ ಕುಳಿತು, ಕಟ್ಟು ಹಾಕಿದ ಕಾಲನ್ನು ದಿಮ್ಮಿಯ ಮೇಲೆ ಚಾಚಿ, ಹಗ್ಗದ ತುದಿಯನ್ನು ಹಿಡಿದು ಬಿಡುತ್ತಿದ್ದ. ಗ್ರಂಥಾಲಯದ ಏಣಿ ಗಟ್ಟಿ. ಹಣ್ಣಿನ ಮಂಡಿಯವಳದೂ ಗಟ್ಟಿ. ಅದನ್ನು ಅವಳಿಗೆ ಹೇಳುವವರಾರು ಎಂದು ಇಬ್ಬರೂ ತಲೆ ಕೆಡಿಸಿಕೊಂಡರು. ಒಂದಾದ ಮೇಲೊಂದು ಎಲ್ಲವೂ ಗಟ್ಟಿ. ತಾವು ಸುಮ್ಮನೆ ಊರೆಲ್ಲ ಅಲೆದೆವೇನೋ ಎಂದು ಮೇಸ್ತ್ರಿಗೆ ಅನ್ನಿಸತೊಡಗಿತ್ತು.

ಆಮೇಲೆ ಮಕ್ಕಳ ಶಾಲೆಯ ಏಣಿ ಬಂದಿತು. ಗಂಟೆಯ ಹಗ್ಗ ಸರಿಮಾಡಲು, ಛಾವಣಿಯ ಮೇಲೆ ಬಿದ್ದ ಚೆಂಡುಗಳನ್ನು ಇಳಿಸಲು ಅಲ್ಲಿಯ ಜವಾನ ಬಳಸುತ್ತಿದ್ದದ್ದು. ಕೆಳಗಿನ ಮೆಟ್ಟಿಲುಗಳು ಜಪ್ಪಯ್ಯ ಎನ್ನಲಿಲ್ಲ. ತುದಿಯಿಂದ ಮೂರನೆಯದಕ್ಕೆ ಮೂಟೆ ಕಟ್ಟಿ ಪೇಂಟರ್ ಹಗ್ಗ ಬಿಟ್ಟ. ಲಟಕ್ಕೆಂದಿತು. ಮೂಟೆ ಧಡ್ ಎಂದು ನೆಲಕ್ಕೆ ಬಿದ್ದು ಹರಿಯಿತು. ಮರಳು ಹೊಟ್ಟಿನ ಮೇಲೆಲ್ಲ ಹರಡಿತು.

ಮೇಸ್ತ್ರಿ ಮುರಿದ ತುಂಡನ್ನು ತಂದು ಪೇಂಟರನ ಕೈಯಲ್ಲಿಟ್ಟರು. ನಟ್ಟನಡುವೆ, ಹೊರಗಿನಿಂದ ಕಣ್ಣಿಗೆ ಬೀಳದಂತೆ, ಉಗುರಿನಷ್ಟು ಕಪ್ಪು ಗಂಟು. ಪೇಂಟರ್ ಅದರ ಮೇಲೆ ಹೆಬ್ಬೆರಳಾಡಿಸಿದ. ಮೇಸ್ತ್ರಿ ಅವನ ಪಕ್ಕದಲ್ಲಿ ದಿಮ್ಮಿಯ ಮೇಲೆ ಕುಳಿತು ಅವನ ಮೊಣಕಾಲಿನ ಮೇಲೆ ಕೈಯಿಟ್ಟರು.

ಸದ್ದಿಗೆ ಬೆಚ್ಚಿ ಒಳಗಿನಿಂದ ಮೇಸ್ತ್ರಿಯ ಹೆಂಡತಿಯ ದನಿ ಬಂದಿತು. "ಅಯ್ಯೋ, ಯಾರು ರೀ ಬಿದ್ದಿದ್ದು?"

"ಯಾರೂ ಇಲ್ಲ ಅತ್ತಿಗೆ," ಎಂದ ಪೇಂಟರ್. "ಮರಳು."